ನಗುಮುಖದ ಪಕ್ಕದ ಬಾವುಟ

ಮೊದಲ ಕಲ್ಲು ಬಿದ್ದದ್ದು ಬೋರ್ಡಿನ ಮೇಲೆ. ಕಟಿಂಗ್ ಶಾಪಿನ ಫೋನ್ ನಂಬರನ್ನು ಗೇಣುದ್ದದ ಕೆಂಪು ಅಂಕಿಗಳಲ್ಲಿ ಬರೆದಿದ್ದ ಆ ಬೋರ್ಡು ನಡುವೆ ಸೀಳಿ ಜೋತುಬಿತ್ತು. ಅದನ್ನು ಬರೆದುಕೊಟ್ಟವನು ತನ್ನ ತಮ್ಮನೇ ಎಂಬುದು ಗ್ಯಾರೇಜಿನ ಮೇಸ್ತ್ರಿಗೆ ನೆನಪಾಯಿತು. ದೊಡ್ಡ ಸ್ಪ್ಯಾನರನ್ನು ಬಿಗಿಯಾಗಿ ಹಿಡಿದು ಒಳನುಗ್ಗಿದ.

ಸೇನೆ ಸೇರಿದ್ದ ತಮ್ಮ ಯುದ್ಧದಲ್ಲಿ ಕಾಣೆಯಾಗಿ ತಿಂಗಳಾಗಿತ್ತು. ತಾಯಿ ಅನ್ನ ಬಿಟ್ಟು ಹಾಸಿಗೆ ಹಿಡಿದಿದ್ದಳು. ಬಿಡಿಭಾಗ ತರಲು ಪೇಟೆಗೆ ಹೋಗಿದ್ದ ಮೇಸ್ತ್ರಿ ಬಸ್ಸಿಳಿದು ಫೋನ್ ನೋಡಿದರೆ, ಎದುರಂಗಡಿಯ ಕ್ಷೌರಿಕ ನಾಲ್ಕಾರು ಸಲ ಕರೆ ಮಾಡಿದ್ದ. ಬಸ್ಸಿನ ಗದ್ದಲದಲ್ಲಿ ಕೇಳಿಸಿರಲಿಲ್ಲ. ಕೊನೆಗೆ ಆ ಮಹಾಶಯ ಕಳಿಸಿದ್ದೇನು? ವೈರಿ ದೇಶದ ಬಾವುಟ. ಅದರ ಪಕ್ಕ ಒಂದು ನಗುಮುಖ.

ಅಕ್ಷರ ಬಾರದವನು, ಎಲ್ಲವನ್ನೂ ಚಿತ್ರದಲ್ಲೇ ಮುಗಿಸುತ್ತಿದ್ದ. ಮೀನಿನವಳ ನಂಬರಿಗೆ ಮೀನು, ಮೇಸ್ತ್ರಿಯ ನಂಬರಿಗೆ ಸ್ಪ್ಯಾನರ್ ಹಾಕಿಕೊಂಡದ್ದನ್ನು ನೋಡಿ ಬೀದಿಯೇ ನಕ್ಕಿತ್ತು. ಈಗ ಯಾರೂ ನಗಲಿಲ್ಲ. ಮೇಸ್ತ್ರಿ ಸಿಕ್ಕಸಿಕ್ಕವರಿಗೆಲ್ಲ ಬಾವುಟ ತೋರಿಸಿದ. ಅಂಗಡಿ ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ಬೀದಿ ತುಂಬ ಜನ.

ಕ್ಷೌರಿಕ ಓಡಲಿಲ್ಲ. ಮೇಸ್ತ್ರಿಯನ್ನು ಕಂಡದ್ದೇ ಕುರ್ಚಿಯಿಂದ ಎದ್ದ. ಹೊರಗೆ ಕಲ್ಲು ಬೀಳುತ್ತಿದ್ದರೂ ಮುಖದಲ್ಲಿ ಸಂತೋಷ. ಅದನ್ನು ನೋಡಿ ಮೇಸ್ತ್ರಿಯ ಪಿತ್ತ ನೆತ್ತಿಗೇರಿತು.

"ಬಂದ್ಯಾ ಮೇಸ್ತ್ರಿ? ನಿನಗೇ ಕಾಯ್ತಿದ್ದೆ. ಈಗ ಅಲ್ಲಿಂದ ಫೋನ್ ಬರುತ್ತೆ..."

ಏಟು ಬಾಯಿಗೇ ಬಿತ್ತು. ಕನ್ನಡಿಗೆ ರಕ್ತ ಚಿಮ್ಮಿತು. ಕ್ಷೌರಿಕ ಮತ್ತೆ ಬಾಯಿ ತೆರೆದಾಗ ಮಾತಿನ ಬದಲು ಹಲ್ಲು ಉದುರಿದವು. ಅಲ್ಲಿಂದ ಫೋನ್ ಬರುತ್ತದಂತೆ ಎಂದು ಬಾಗಿಲಲ್ಲಿದ್ದವನೊಬ್ಬ ಹೊರಗಿನವರಿಗೆ ಸಾರಿದ. ಆಮೇಲೆ ತಡೆಯುವವರೇ ಇರಲಿಲ್ಲ. ಒದ್ದರು, ತುಳಿದರು, ಅವನದೇ ಕುರ್ಚಿಯನ್ನು ಅವನ ಮೇಲೆ ಎತ್ತಿಹಾಕಿದರು. ಅವನೋ ತಲೆ ಕಾಪಾಡಿಕೊಳ್ಳುವುದು ಬಿಟ್ಟು ಫೋನನ್ನು ಎರಡೂ ಕೈಗಳಿಂದ ಮುಚ್ಚಿಕೊಂಡಿದ್ದ. ಅದರಲ್ಲಿ ಅಂಥ ಗುಟ್ಟೇನು ಎಂದು ಮೇಸ್ತ್ರಿ ಮತ್ತೆ ಸ್ಪ್ಯಾನರ್ ಎತ್ತಿದ. ಈ ಸಲ ತಲೆಗೆ.

ಕೈಗಳು ಸಡಿಲವಾದವು. ಉಸಿರಿಲ್ಲ ಎಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು, ಗುಂಪು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿತು.

ಆಗ ಫೋನ್ ರಿಂಗಾಯಿತು. ಪರದೆಯ ಮೇಲೆ ಅದೇ ಬಾವುಟ.

ಮೇಸ್ತ್ರಿಯ ಎದೆಯುಬ್ಬಿತು. ತಾನು ಮಾಡಿದ್ದು ಸರಿ ಎನ್ನಲು ಇನ್ನೇನು ಬೇಕು? ನಿಮ್ಮವನ ಕತೆ ಮುಗಿಸಿದೆ ಎಂದು ಹೇಳಲೆಂದೇ ರಕ್ತ ಮೆತ್ತಿದ ಹೆಬ್ಬೆರಳಿನಿಂದ ಒತ್ತಿ ಫೋನನ್ನು ಕಿವಿಗಿಟ್ಟ.

"ಮಾಮ, ನರ್ಸಮ್ಮ ಮತ್ತೆ ಕದ್ದು ಫೋನ್ ಕೊಟ್ಟಿದಾರೆ. ನನಗೆ ಬಾಯಿಗೆ ಬರೋದು ನಾನು ಬರೆದ ಆ ಬೋರ್ಡಿನ ನಂಬರೊಂದೇ. ಇಲ್ಲಿ ಜೈಲಲ್ಲಿ ಬದುಕಿದೀನಿ ಅಂತ ಅಣ್ಣಂಗೆ ಹೇಳಿದ್ಯಾ?"