ಹಲ್ಲು ಸರಿಯುವ ಕಾಲ

ಆ ಕಾಲದಲ್ಲಿ ಎಲ್ಲರ ಗುರುತೂ ಹಲ್ಲಿನ ಸಾಲಿನಲ್ಲೇ ಇತ್ತು. ಹಲ್ಲು ಕಿರಿಯದೆ ಯಾವ ಕಚೇರಿಯಲ್ಲೂ ಕೆಲಸ ಆಗುತ್ತಿರಲಿಲ್ಲ. ನಲವತ್ತಾರರ ವನಮಾಲಾ ಟೀಚರ್ ತಮ್ಮ ಉಬ್ಬುಹಲ್ಲಿಗೆ ತಂತಿ ಹಾಕಿಸಿಕೊಂಡರು.

"ಒಂದು ವಾರ ನೋವಿರುತ್ತೆ, ಗಂಜಿ ಕುಡೀರಿ. ಎರಡು ವರ್ಷ ಹಲ್ಲು ಸರೀತಾನೇ ಇರುತ್ತೆ," ಎಂದರು ಡಾಕ್ಟರು.

ಮೂರನೇ ದಿನ ಚುನಾವಣೆ ಕೆಲಸದ ಆದೇಶ ಪಡೆಯಲು ತಾಲ್ಲೂಕು ಕಚೇರಿಗೆ ಹೋದಾಗ, ಹಲ್ಲು ನೋಡಿ ಗುರುತು ಹಿಡಿಯುವ ಯಂತ್ರ ಕೆಂಪು ದೀಪ ತೋರಿಸಿತು.

"ಹಲ್ಲು ಹೊಂದ್ತಿಲ್ಲ ಟೀಚರ್," ಎಂದ ಗುಮಾಸ್ತ ಚೆನ್ನವೀರ.

"ನಿನಗೆ ಅಕ್ಷರ ಕಲಿಸಿದವಳು ನಾನಲ್ವೇನೋ?"

"ಅದು ಗೊತ್ತು ಟೀಚರ್. ಆದ್ರೆ ನೀವು ಯಾರು ಅಂತ ಗೊತ್ತಾಗ್ತಿಲ್ಲ. ಹಲ್ಲು ಒಂದು ಕಡೆ ನಿಲ್ಲೋವರೆಗೂ ನಿಮಗೆ ಚುನಾವಣೆ ಕೆಲಸ ಇಲ್ಲ, ಜನಗಣತೀನೂ ಇಲ್ಲ."

ಟೀಚರಿಗೆ ನೋವೇ ಮರೆತುಹೋಯಿತು. ಅಲ್ಲಿಂದ ನೇರವಾಗಿ ಡಾಕ್ಟರ ಬಳಿಗೆ ಓಡಿದರು.

"ಡಾಕ್ಟ್ರೇ, ಹಲ್ಲು ಸರಿಸೋದು ಸ್ವಲ್ಪ ನಿಧಾನ ಮಾಡಿ. ನನ್ನ ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷ ಇದೆ!"