ಧ್ವನಿಪೆಟ್ಟಿಗೆ

"ಮಾತಾಡಿ ಅಪ್ಪ, ರೆಕಾರ್ಡ್ ಆಗ್ತಿದೆ," ಎಂದು ಮಗಳು ಹಿರಿಯ ನಟರ ಬಾಯಿಯ ಹತ್ತಿರ ಮೊಬೈಲು ಹಿಡಿದಳು. ಬೆಳಗಾದರೆ ಆಪರೇಷನ್. ಡಾಕ್ಟರು ಅವರ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಆಮೇಲೆ ಆ ಗಂಟಲಿನಿಂದ ಉಸಿರು ಬರುತ್ತದೆ, ಮಾತು ಬರುವುದಿಲ್ಲ.

ಮೈಕಿಲ್ಲದೆ ಕೊನೆಯ ಸಾಲಿನವರನ್ನೂ ನಡುಗಿಸಿದ ಕಂಠ ಅದು. ಜೀವಮಾನವೆಲ್ಲ ರಾಜನಾಗಿ ಗುಡುಗಿದವರು, ಖಳನಾಗಿ ಅಬ್ಬರಿಸಿದವರು, ಮನೆಗೆ ಬಂದರೆ ಮಾತ್ರ ನಾಳೆಯ ಆಟಕ್ಕೆ ಗಂಟಲು ಉಳಿಯಲೆಂದು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಹೆಂಡತಿಯನ್ನು ಕರೆಯಲು ಒಂದು ಚಿಟಿಕೆ, ನೀರು ಬೇಕೆಂದರೆ ಹೆಬ್ಬೆರಳು. ಆಕೆಗೆ ಅಷ್ಟೇ ದಕ್ಕಿದ್ದು.

"ಆ ರಾಜನ ಡೈಲಾಗೇ ಹೇಳಿ," ಮಗಳು ಗೋಗರೆದಳು. ನಾಟಕದ ಮಾತುಗಳೆಲ್ಲ ಅವರ ನಾಲಿಗೆಯ ತುದಿಯಲ್ಲೇ ಇದ್ದವು, ಯಾವುದೂ ಬೇಡವೆನಿಸಿತು. ಮಂಚದ ಕಾಲಬುಡದಲ್ಲಿ ಹೆಂಡತಿ ಅವರ ಟವೆಲು ಮಡಿಸುತ್ತಿದ್ದಳು. ಚಿಟಿಕೆ ಹೊಡೆಯಲೆಂದು ಎತ್ತಿದ ಕೈಯನ್ನು ಇಳಿಸಿ, ಒಡಕು ದನಿಯಲ್ಲಿ ಕೇಳಿದರು: "ನಿನ್ನ ಊಟ ಆಯ್ತಾ? ಬೆಳಿಗ್ಗೆಯಿಂದ ನಿಂತೇ ಇದ್ದೀಯ, ಬಾ, ಇಲ್ಲಿ ಕೂತ್ಕೋ."

ಆಕೆ ಅರ್ಧ ಮಡಿಸಿದ ಟವೆಲನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಮಗಳ ಕಡೆ ಬಾಗಿ, ರೆಕಾರ್ಡಿಗೆ ತೊಂದರೆಯಾಗದಂತೆ ಮೆಲ್ಲಗೆ ಕೇಳಿದಳು:

"ಚೆನ್ನಾಗಿದೆ. ಯಾವ ನಾಟಕದ್ದು?"