ರುಚಿ ನೋಡುವ ಪುಸ್ತಕ

ಶಾಲೆಗೆ ಬಂದ ಹೊಸ ಅಡುಗೆಯವಳ ಬಿಸಿಯೂಟವನ್ನು ಮಕ್ಕಳು ಮೊದಲ ದಿನವೇ ಚರಂಡಿಗೆ ಸುರಿದರು. ನಲವತ್ತು ಮಕ್ಕಳಲ್ಲಿ ಉಂಡವರು ಅವಳ ಕೇರಿಯ ಆರು ಮಕ್ಕಳು ಮಾತ್ರ.

"ಸೋತೆ ಅಂತ ಕೂರಬಾರದು ಕಣಮ್ಮ," ಎಂದರು ಹೆಡ್‌ಮಾಸ್ತರು. "ಸೋಲೇ ಗುರು. ಕೈರುಚಿ ತಿದ್ದಿಕೋ. ಶುಕ್ರವಾರದೊಳಗೆ ಮಕ್ಕಳು ಉಣ್ಣದಿದ್ರೆ ನಿನ್ನ ಕೆಲಸದಿಂದ ಬಿಡಿಸಬೇಕಾಗುತ್ತೆ."

ಅವಳು ತಿದ್ದಿಕೊಂಡಳು. ಮಂಗಳವಾರ ಸಾರಿನ ಹುಳಿ ಕಡಿಮೆ ಮಾಡಿದಳು. ಬುಧವಾರ ಕೊಬ್ಬರಿ ಹುರಿದು ಹಾಕಿದಳು. ಗುರುವಾರ ಮನೆಯಿಂದ ಬೆಳ್ಳುಳ್ಳಿ ತಂದು ಒಗ್ಗರಣೆ ಕೊಟ್ಟಳು. ಆರು ತಟ್ಟೆಗಳು ನೆಕ್ಕಿದಂತೆ ಖಾಲಿಯಾದವು. ಉಳಿದ ತಟ್ಟೆಗಳು ಚೀಲದಿಂದ ಹೊರಗೇ ಬರಲಿಲ್ಲ.

ಶುಕ್ರವಾರ ಅವಳು ಸೌಟಿನಲ್ಲಿ ಸಾರು ಹಿಡಿದು ಹೆಡ್‌ಮಾಸ್ತರ ಮೇಜಿನ ಮುಂದೆ ನಿಂತಳು. ಮಕ್ಕಳಿಗೆ ಬಡಿಸುವ ಮೊದಲು ಅವರು ರುಚಿ ನೋಡಿ ಸಹಿ ಹಾಕಬೇಕಾದ ಪುಸ್ತಕ ಅಲ್ಲಿ ತೆರೆದಿತ್ತು. ನಾಲ್ಕು ದಿನದ ಎದುರಿಗೂ 'ರುಚಿ ಉತ್ತಮ' ಎಂದು ಅವರದೇ ಕೈಬರಹವಿತ್ತು.

"ಎಲ್ಲಿ ಸೋತಿವ್ನಿ ಅಂತ ನೀವೇ ಯೋಳಿ ಸಾ. ಒಂದು ತೊಟ್ಟು ಬಾಯಿಗೆ ಹಾಕ್ಕೊಳಿ. ಕಿಟಕೀಲಿ ಮಕ್ಕಳೆಲ್ಲ ನೋಡ್ತಾವ್ರೆ."

ಅವರು ಐದನೆಯ ದಿನದ ಎದುರಿಗೂ 'ರುಚಿ ಉತ್ತಮ' ಎಂದು ಬರೆದು, ಸಹಿ ಹಾಕಿ, ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದರು.

"ಅದೊಂದು ಮಾತ್ರ ನನ್ನ ಕೈಲಾಗಲ್ಲ ಕಣಮ್ಮ."